ನೇಕಾರನ ಮಗನ ದೇಶಾಂತರ

ಗುಳೇ ಎಂಬ ಶಬ್ದದ ಅರ್ಥವನ್ನು ನಮ್ಮ ಬಯಲುಸೀಮೆಯ ವಾಚಕರಿಗೆ ವಿವರಿಸಬೇಕಾಗಿಲ್ಲ. ಮಳೆ ಕೈಕೊಟ್ಟ ವರ್ಷ ಮನೆಯ ಬಾಗಿಲಿಗೆ ಮುಳ್ಳು ಹಚ್ಚಿ, ನಡೆಯಲಾರದ ಮುದುಕರನ್ನು ಊರಲ್ಲಿಯೇ ಬಿಟ್ಟು, ಕೂಸುಗಳನ್ನು ಬಗಲಲ್ಲಿ ಎತ್ತಿಕೊಂಡು ಗೋವೆಗೋ ಮುಂಬಯಿಗೋ ಬೆಂಗಳೂರಿಗೋ ಹೊರಡುವ ಸಂಸಾರಗಳನ್ನು ಅವರು ಕಣ್ಣಾರೆ ಕಂಡವರು. ಅಂಥವರ ಸ್ವದೇಶಾಭಿಮಾನವನ್ನು ನಾವು ಯಾರೂ ಪ್ರಶ್ನಿಸುವುದಿಲ್ಲ; ಹೊಟ್ಟೆ ಹೊರಡಿಸಿತೆಂದು ಸುಮ್ಮನಾಗುತ್ತೇವೆ. ಆದರೆ ಅದೇ ಸಂಸಾರವು ಸಮುದ್ರವನ್ನು ದಾಟಿತೆಂದರೆ ನಮ್ಮ ಮಾತಿನ ಧಾಟಿಯೇ ಬದಲಾಗುತ್ತದೆ. ಹೊನ್ನಿನ ಆಸೆಗೆ ಹೋದರೆಂದು ಕೆಲವರು ಹಳಿಯುತ್ತಾರೆ. ಸಾಹಸಿಗಳೆಂದು ಕೆಲವರು ಹೊಗಳುತ್ತಾರೆ. ಅವರು ಹೋಗಿ ಇಳಿದ ದೇಶದವರಾದರೋ ತಮ್ಮ ಅನ್ನವನ್ನು ಕಸಿಯಲು ಬಂದರೆಂದು ಬಾಗಿಲಿಗೆ ಅಗುಳಿ ಹಾಕುತ್ತಾರೆ. ಬಿಟ್ಟುಬಂದ ಊರಿನಲ್ಲಿ ನಡೆದುದೇನೆಂದು ಕೇಳುವವರು ಈ ಮೂರು ಪಂಗಡಗಳಲ್ಲಿಯೂ ವಿರಳ.

ಆಂಡ್ರೂ ಕಾರ್ನೆಗಿಯವರ ಚರಿತ್ರೆಯನ್ನು ನಾವು ಇಂದು ವಾಚಕರ ಮುಂದಿಡುವುದು ಈ ಕಾರಣಕ್ಕಾಗಿಯೇ. ಅವರು ಕಾಲವಶರಾಗಿ ನೂರು ವರ್ಷಗಳ ಮೇಲಾಯಿತು. ಅಮೇರಿಕೆಯ ಉಕ್ಕಿನ ಅರಸರೆಂದೂ, ಗಳಿಸಿದುದರಲ್ಲಿ ಬಹುಪಾಲನ್ನು ಹಂಚಿಹೋದ ದಾನಿಗಳೆಂದೂ ಅವರ ಹೆಸರು ಜಗತ್ತಿನಲ್ಲಿ ಉಳಿದಿದೆ. ಬಡವನ ಮಗ ಕುಬೇರನಾದ ಕಥೆಯಾಗಿ ಅವರ ಬಾಳನ್ನು ಹೇಳುವುದು ವಾಡಿಕೆ. ಪಾಠಶಾಲೆಯಲ್ಲಿ ನಮ್ಮ ಪಂತೋಜಿಗಳು ನಮಗೆ ಹೇಳಿದ್ದೂ ಹಾಗೆಯೇ: ಹುಡುಗ ದುಡಿದ, ಓದಿದ, ಮೇಲೆ ಬಂದ. ಆ ಕಥೆಯಲ್ಲಿ ಹುಡುಗನ ತಂದೆಗೆ ಸ್ಥಳವೇ ಇರಲಿಲ್ಲ. ಐವತ್ತನ್ನು ದಾಟಿದ ಮೇಲೆ ಅದೇ ಚರಿತ್ರೆಯನ್ನು ಮರಳಿ ಓದುವಾಗ ನಮಗೆ ಮಗನಿಗಿಂತಲೂ ತಂದೆಯೇ ಹೆಚ್ಚಾಗಿ ಕಣ್ಣಿಗೆ ಕಟ್ಟುತ್ತಾರೆ.

ಸ್ಕಾಟ್ಲಂಡಿನ ಫೈಫ್ ಪ್ರಾಂತದಲ್ಲಿ ಡನ್‌ಫರ್ಮ್‌ಲಿನ್ ಎಂಬ ಹಳೆಯ ಪಟ್ಟಣವಿದೆ. ಸ್ಕಾಟ್ಲಂಡಿನ ಅರಸರ ಸಮಾಧಿಗಳುಳ್ಳ ಒಂದು ಪುರಾತನ ಮಠಕ್ಕಾಗಿ ಅದು ಪ್ರಸಿದ್ಧವಾದಂತೆಯೇ ಕೈಮಗ್ಗದ ಮೇಲೆ ನೆಯ್ದ ಚಿತ್ತಾರದ ನಾರುಬಟ್ಟೆಗಾಗಿಯೂ ಪ್ರಸಿದ್ಧವಾಗಿತ್ತು. ಶ್ರೀಮಂತರ ಊಟದ ಮೇಜುಗಳಿಗೆ ಹಾಸುವ ಬಿಳಿಯ ಹೂವಿನ ವಸ್ತ್ರವದು. ನಮ್ಮಲ್ಲಿ ಇಳಕಲ್ಲಿನ ಹೆಸರು ಹೇಳಿದೊಡನೆ ಸೀರೆಯೂ ಗುಳೇದಗುಡ್ಡದ ಹೆಸರು ಹೇಳಿದೊಡನೆ ಖಣವೂ ನೆನಪಾಗುವಂತೆ ಆ ಊರಿನ ಹೆಸರಿನೊಡನೆ ಆ ಬಟ್ಟೆ ನೆನಪಾಗುತ್ತಿತ್ತು. ಅಲ್ಲಿ ವಿಲಿಯಂ ಕಾರ್ನೆಗಿಯೆಂಬ ನೇಕಾರರ ಮನೆಯಲ್ಲಿ, ಕೆಳಗೆ ಮಗ್ಗವೂ ಮೇಲೆ ಸಂಸಾರವೂ ಇದ್ದ ಒಂದು ಚಿಕ್ಕ ಕಲ್ಲುಮನೆಯ ಅಟ್ಟದಲ್ಲಿ, 1835ನೆಯ ನವೆಂಬರ್ 25ರಂದು ಆಂಡ್ರೂ ಜನಿಸಿದರು.

ಅಂದಿನ ನೇಕಾರನು ಭಿಕಾರಿಯಾಗಿರಲಿಲ್ಲವೆಂಬುದನ್ನು ವಾಚಕರು ಲಕ್ಷ್ಯದಲ್ಲಿಡಬೇಕು. ವ್ಯಾಪಾರಿಯು ನೂಲನ್ನು ಕೊಡುತ್ತಿದ್ದನು. ನೇಕಾರನು ತನ್ನ ಸ್ವಂತ ಮಗ್ಗದಲ್ಲಿ ನೆಯ್ದು ಬಟ್ಟೆಯನ್ನು ಒಪ್ಪಿಸಿ ಕೂಲಿಯನ್ನು ತರುತ್ತಿದ್ದನು. ಕೂಲಿ ಪರರದಾದರೂ ಮಗ್ಗವು ತನ್ನದು, ಮನೆಯು ತನ್ನದು, ಹೊತ್ತು ತನ್ನದು. ಕೆಲಸದ ನಡುವೆ ಎದ್ದು ನೆರೆಯವರೊಡನೆ ರಾಜಕಾರಣದ ಚರ್ಚೆಯನ್ನು ಮಾಡಿಬರಬಹುದಾಗಿತ್ತು. ವಿಲಿಯಂ ಮೃದುಸ್ವಭಾವದವರು, ಓದುವ ಹವ್ಯಾಸದವರು. ಅವರೂ ಇತರ ನೇಕಾರರೂ ಸೇರಿ ತಮ್ಮಲ್ಲಿದ್ದ ಕೆಲವೇ ಪುಸ್ತಕಗಳನ್ನು ಒಟ್ಟುಗೂಡಿಸಿ ಊರಿಗೆ ಮೊದಲ ಸಂಚಾರಿ ಪುಸ್ತಕಭಂಡಾರವನ್ನು ಕಟ್ಟಿದರೆಂದು ಮಗ ಮುಂದೆ ಅಭಿಮಾನದಿಂದ ಬರೆದುಕೊಂಡಿದ್ದಾರೆ. ತಾಯಿ ಮಾರ್ಗರೆಟ್ ಬೇರೆ ಮೂಸೆಯಲ್ಲಿ ಎರಕಹೊಯ್ದವರು. ಅವರ ತವರಾದ ಮಾರಿಸನ್ ಮನೆತನವು ಚಮ್ಮಾರಿಕೆಯದು, ಸರಕಾರಕ್ಕೂ ಜಮೀನುದಾರರಿಗೂ ತಲೆಬಾಗದ ಭಾಷಣಕಾರರದು. ಎಲ್ಲ ಪುರುಷರಿಗೂ ಮತಾಧಿಕಾರ ಬೇಕೆಂದು ಹೋರಾಡಿದ ಚಾರ್ಟಿಸ್ಟ್ ಚಳವಳಿಯಲ್ಲಿ ಎರಡೂ ಕಡೆಯವರು ಸೇರಿದ್ದರು. 1842ರಲ್ಲಿ ಸೋದರಮಾವನೊಬ್ಬರನ್ನು ಸರಕಾರವು ಬಂಧಿಸಿತು. ಆ ಊರಿನಲ್ಲಿದ್ದ ಪಿಟೆನ್‌ಕ್ರೀಫ್ ಎಂಬ ಸುಂದರ ಉಪವನಕ್ಕೆ ಅದರ ಒಡೆಯರು ಮಾರಿಸನ್ ಮನೆತನದವರಿಗೆ ಕಾಲಿಡಗೊಡುತ್ತಿರಲಿಲ್ಲ. ಬಾಲಕ ಆಂಡ್ರೂ ಅದನ್ನು ಬೇಲಿಯ ಹೊರಗಿನಿಂದಲೇ ನೋಡಿದನು. ಈ ಬೇಲಿಯ ಕಥೆಗೆ ನಾವು ಆಮೇಲೆ ಬರುತ್ತೇವೆ.

ಮೊದಮೊದಲು ಮನೆ ಏಳ್ಗೆಯಲ್ಲಿತ್ತು. ಮಗ್ಗಗಳು ಒಂದಕ್ಕಿಂತ ಹೆಚ್ಚಾದವು, ಹೆಚ್ಚು ವಿಶಾಲವಾದ ಮನೆಗೆ ಬಿಡಾರವು ಸಾಗಿತು. ಆಗ ಉಗಿಯಂತ್ರ ಬಂದಿತು. ಹತ್ತಿ ಬಟ್ಟೆಯನ್ನು ಅದು ಮೊದಲೇ ನುಂಗಿತ್ತು. ಚಿತ್ತಾರದ ನಾರುಬಟ್ಟೆಯು ನಾಜೂಕಿನದಾದುದರಿಂದ ಅದರ ನೇಕಾರರು ಕೆಲವು ವರ್ಷ ಬದುಕಿಕೊಂಡರು. ಕೂಲಿಯು ಇಳಿಯುತ್ತ ಬಂದಿತು, ನೂಲು ಸಿಗುವುದು ಅಪರೂಪವಾಯಿತು, ವಿಲಿಯಂ ತಮ್ಮ ಮಗ್ಗಗಳನ್ನು ಒಂದೊಂದಾಗಿ ಕಳೆದುಕೊಂಡರು. 1847ರಲ್ಲಿ ಡನ್‌ಫರ್ಮ್‌ಲಿನ್ನಿನಲ್ಲಿಯೇ ಉಗಿಮಗ್ಗಗಳ ಗಿರಣಿಯು ತೆರೆಯಿತು. ಒಂದು ದಿನ ಅವರು ವ್ಯಾಪಾರಿಯ ಅಂಗಡಿಯಿಂದ ಬರಿಗೈಯಲ್ಲಿ ಮನೆಗೆ ಬಂದು, ಇನ್ನು ತನಗೆ ಕೆಲಸವಿಲ್ಲವೆಂದು ಮಗನಿಗೆ ತಿಳಿಸಿದರು. ತಾಯಿ ಒಂದು ಸಣ್ಣ ಅಂಗಡಿಯನ್ನು ಇಟ್ಟು, ರಾತ್ರಿಯ ಹೊತ್ತು ಬೂಟಿನ ತೊಗಲನ್ನು ಹೊಲಿದು ಸಂಸಾರವನ್ನು ನಡೆಸಿದರು. ಮಗ ಪಕ್ಕದಲ್ಲಿ ಕುಳಿತು ದಾರಕ್ಕೆ ಮೇಣ ಸವರಿ ಸೂಜಿಗೆ ಪೋಣಿಸಿಕೊಡುತ್ತಿದ್ದನು.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದುವರಿಯಲು ನಮ್ಮ ಮನಸ್ಸೊಪ್ಪದು. ಲ್ಯಾಂಕಶಾಯರಿನ ಯಂತ್ರವು ಭಾರತದ ನೇಕಾರನ ಅನ್ನವನ್ನು ಕಸಿಯಿತೆಂಬುದನ್ನು ನಾವು ಚಿಕ್ಕಂದಿನಿಂದ ಕೇಳಿ ಬೆಳೆದೆವು, ಅದು ಸತ್ಯವೂ ಹೌದು. ನಮ್ಮ ಮುದ್ರಣಾಲಯದಲ್ಲಿ ಬಹು ಹಿಂದೆ ಮೊಳೆ ಜೋಡಿಸುತ್ತಿದ್ದ ಹಿರಿಯರೊಬ್ಬರು ನೇಕಾರರ ಮನೆಯಲ್ಲಿ ಹುಟ್ಟಿದವರು. ಲಾಳಿ ಎಸೆಯುವ ಕೈಗೆ ಅಕ್ಷರದ ಮನೆಗಳು ಬಲುಬೇಗ ಒಗ್ಗಿದವೆಂದು ನಗುತ್ತ ಹೇಳುತ್ತಿದ್ದರು, ಆ ನಗೆಯಲ್ಲಿ ಸಂತೋಷವಿರಲಿಲ್ಲ. ಆದರೆ ಆ ಯಂತ್ರವು ತಾನು ಹುಟ್ಟಿದ ದ್ವೀಪದ ನೇಕಾರನನ್ನೂ ಬಿಡಲಿಲ್ಲ. ಇಬ್ಬರಲ್ಲಿಯೂ ಭೇದವಿಷ್ಟೇ: ಅವನಿಗೆ ಹೋಗಲು ಒಂದು ಖಂಡವಿತ್ತು, ನಮ್ಮವನಿಗೆ ಹೊಲದ ಕೂಲಿಯಿತ್ತು, ಬರ ಬಂದಾಗ ಅದೂ ಇರಲಿಲ್ಲ.

ಅಮೇರಿಕೆಗೇ ಏಕೆ? ಅಲ್ಲಿ ಬಂಗಾರವು ಬೀದಿಯಲ್ಲಿ ಬಿದ್ದಿದೆಯೆಂದು ಮಾರ್ಗರೆಟರು ನಂಬಿರಲಿಲ್ಲ. ಅವರ ಇಬ್ಬರು ತಂಗಿಯರು 1840ರಲ್ಲಿ ಹೋಗಿ ಪೆನ್ಸಿಲ್ವೇನಿಯ ಪ್ರಾಂತದಲ್ಲಿ ಪಿಟ್ಸ್‌ಬರ್ಗ್ ನಗರದ ಎದುರುದಂಡೆಯ ಅಲೆಘೆನಿಯಲ್ಲಿ ನೆಲೆಸಿದ್ದರು. ಅವರ ಪತ್ರಗಳು ಬರುತ್ತಿದ್ದವು. ಜನರು ದೇಶದಿಂದ ದೇಶಕ್ಕೆ ಹೋಗುತ್ತಾರೆಂದು ನಾವು ನಕಾಶೆಯನ್ನು ನೋಡಿ ಹೇಳುತ್ತೇವೆ. ವಾಸ್ತವದಲ್ಲಿ ಅವರು ಒಬ್ಬ ತಂಗಿಯ ಮನೆಗೆ, ಒಬ್ಬ ಊರವನ ಕೋಣೆಗೆ ಹೋಗುತ್ತಾರೆ. ಎರಡನೆಯದಾಗಿ, ಹೋಗುವುದಕ್ಕೂ ಹಣ ಬೇಕು. ಉಳಿದ ಮಗ್ಗಗಳನ್ನೂ ಮನೆಯ ಸಾಮಾನನ್ನೂ ಹರಾಜಿಗೆ ಹಾಕಿದರು. ಉಗಿಮಗ್ಗದ ಕಾಲದಲ್ಲಿ ಕೈಮಗ್ಗವನ್ನು ಕೊಳ್ಳುವವರು ಯಾರು? ಬಂದ ಹಣ ಸಾಲಲಿಲ್ಲ. 20 ಪೌಂಡು ಕಡಿಮೆ ಬಿದ್ದಿತು. ಮಾರ್ಗರೆಟರ ಗೆಳತಿಯೊಬ್ಬರು ಅದನ್ನು ಸಾಲವಾಗಿ ಕೊಟ್ಟರು. ಆ ಗೆಳತಿ ಇಲ್ಲದಿದ್ದರೆ ಆ ಹಡಗಿಲ್ಲ. ಜಗತ್ತು ಕಾರ್ನೆಗಿಯೆಂಬ ಹೆಸರನ್ನು ಕೇಳುತ್ತಲೂ ಇರಲಿಲ್ಲ. ಕೇವಲ ದರಿದ್ರನಾದವನು ಸಮುದ್ರವನ್ನು ದಾಟಲಾರನು. ಮಾರಲು ಒಂದು ಮಗ್ಗವೂ ಸಾಲ ಕೊಡಲು ಒಬ್ಬ ನಂಟನೂ ಉಳ್ಳವನು ದಾಟುತ್ತಾನೆ. ಉಳಿದವನು ಊರಲ್ಲಿಯೇ ಸವೆಯುತ್ತಾನೆ. ಯಾವ ಹಳ್ಳಿಯ ಲೆಕ್ಕವನ್ನು ತೆಗೆದರೂ ಇದು ಕಾಣುತ್ತದೆ.

1848ರ ಏಪ್ರಿಲಿನಲ್ಲಿ ಚಾರ್ಟಿಸ್ಟರ ಮೂರನೆಯ ಮನವಿಯೂ ಪಾರ್ಲಿಮೆಂಟಿನಲ್ಲಿ ವ್ಯರ್ಥವಾಯಿತು. ಮೇ ತಿಂಗಳಲ್ಲಿ ಕಾರ್ನೆಗಿ ಕುಟುಂಬವು ಊರನ್ನು ಬಿಟ್ಟಿತು. ಕೆಲಸ ಹೋಯಿತೆಂಬುದು ಒಂದು ಕಾರಣ, ಈ ರಾಜ್ಯದಲ್ಲಿ ನಮ್ಮ ಮಾತಿಗೆ ಬೆಲೆ ಬರುವ ದಿನವಿಲ್ಲವೆಂಬ ಬೇಸರ ಎರಡನೆಯದು. ಎರಡೂ ಕೂಡಿದಾಗ ಕಾಲು ಕೀಳುವುದು ಸುಲಭವಾಗುತ್ತದೆ. ತಂದೆ ನಲವತ್ತನ್ನು ದಾಟಿದ್ದರು, ಆಂಡ್ರೂ 12 ವರ್ಷದವನು, ತಮ್ಮ ಟಾಮ್ ಐದರ ಕೂಸು. ಮಠದ ಗೋಪುರವು ಕಣ್ಮರೆಯಾಗುವವರೆಗೂ ಹುಡುಗನು ಕಣ್ಣೀರು ತುಂಬಿ ನೋಡುತ್ತಿದ್ದನು. ಎಪ್ಪತ್ತು ದಾಟಿದ ಮೇಲೆಯೂ ಅವರು ಆ ನೋಟವನ್ನು ಮರೆತಿರಲಿಲ್ಲ. ಗ್ಲಾಸ್ಗೋದಿಂದ ವಿಸ್ಕಾಸೆಟ್ ಎಂಬ 800 ಟನ್ನಿನ ಹಾಯಿಹಡಗು ಅವರನ್ನು ಏಳು ವಾರಗಳಲ್ಲಿ ನ್ಯೂಯಾರ್ಕಿಗೆ ಮುಟ್ಟಿಸಿತು. ಅಲ್ಲಿಂದ ಕಾಲುವೆ, ಸರೋವರ, ಮತ್ತೆ ಕಾಲುವೆ, ನದಿ ಹೀಗೆ ಮೂರು ವಾರ. ದಾರಿಯಲ್ಲಿ ಒಂದು ರಾತ್ರಿ ದೋಣಿಗಾಗಿ ಕಾಯುವಾಗ ಸೊಳ್ಳೆಗಳು ತಾಯಿಯ ಮುಖವನ್ನು ಬೆಳಗಾಗುವಷ್ಟರಲ್ಲಿ ಕಣ್ಣು ತೆರೆಯಲಾಗದಂತೆ ಬಾಯಿಸಿಬಿಟ್ಟವು.

ಅಲೆಘೆನಿಯಲ್ಲಿ ತಂಗಿಯ ಮನೆಯ ಹಿಂಭಾಗದ ಎರಡು ಕೋಣೆಗಳಲ್ಲಿ ಸಂಸಾರವು ಬಿಡಾರ ಹೂಡಿತು. ತಂದೆಯು ಹತ್ತಿಯ ಗಿರಣಿಯೊಂದನ್ನು ಸೇರಿದರು. ಯಾವ ಯಂತ್ರವು ತನ್ನನ್ನು ಊರಿನಿಂದ ಅಟ್ಟಿತೋ ಅದರ ಮುಂದೆಯೇ ಹೋಗಿ ಕೂಲಿಗೆ ನಿಲ್ಲುವುದು ಅವರಿಗೆ ಸಾಧ್ಯವಾಗಲಿಲ್ಲ. ಬಹು ಕಾಲ ತಡೆಯದೆ ಬಿಟ್ಟು ಬಂದರು, ಮತ್ತೆ ಕೈಮಗ್ಗಕ್ಕೆ ಕುಳಿತು ಮೇಜಿನ ಬಟ್ಟೆಗಳನ್ನು ನೆಯ್ದರು, ತಾವೇ ಹೊತ್ತುಕೊಂಡು ಮನೆಮನೆಗೆ ಹೋಗಿ ಮಾರಿದರು. ಕೊಳ್ಳುವವರು ಇರಲಿಲ್ಲ. ಮಗ ಅದೇ ಗಿರಣಿಯಲ್ಲಿ ಕಂಡಿಕೆಗಳನ್ನು ಬದಲಿಸುವ ಹುಡುಗನಾಗಿ ವಾರಕ್ಕೆ 1 ಡಾಲರು 20 ಸೆಂಟು ಗಳಿಸತೊಡಗಿದನು. ಕತ್ತಲಿದ್ದಾಗ ಹೋಗಿ ಕತ್ತಲಾದ ಮೇಲೆ ಬರುವ ಕೆಲಸ. ಮುಂದೆ ಮತ್ತೊಂದು ಕಾರ್ಖಾನೆಯ ನೆಲಮಾಳಿಗೆಯಲ್ಲಿ ಉಗಿಯಂತ್ರವನ್ನು ಕಾಯುವ ಕೆಲಸಕ್ಕೆ ವಾರಕ್ಕೆ 2 ಡಾಲರು. ಒತ್ತಡ ಹೆಚ್ಚಾಗಿ ಯಂತ್ರ ಸಿಡಿಯುವುದೆಂಬ ಭಯದಿಂದ ಹುಡುಗ ನಡುರಾತ್ರಿ ಹಾಸಿಗೆಯಲ್ಲಿ ಎದ್ದು ಕೂಡುತ್ತಿದ್ದನು. ಕಂಡಿಕೆಗಳನ್ನು ಅದ್ದುವ ಎಣ್ಣೆಯ ವಾಸನೆಗೆ ಅವನಿಗೆ ವಾಂತಿಯಾಗುತ್ತಿತ್ತು. ಮನೆಯಲ್ಲಿ ಮಾತ್ರ ಅದನ್ನು ಹೇಳಲಿಲ್ಲ.

ಬಳಿಕ ತಂತಿ ಕಚೇರಿಯಲ್ಲಿ ಓಲೆಕಾರನ ಕೆಲಸವು ವಾರಕ್ಕೆ ಎರಡೂವರೆ ಡಾಲರಿಗೆ ಸಿಕ್ಕಿತು. ಕಿವಿಯಿಂದಲೇ ತಂತಿಯ ಸಂಕೇತಗಳನ್ನು ಗ್ರಹಿಸುವ ವಿದ್ಯೆಯು ಅವರಿಗೆ ಒಲಿಯಿತು. ಕರ್ನಲ್ ಜೇಮ್ಸ್ ಆಂಡರ್ಸನ್ ಎಂಬ ಸಜ್ಜನರು ಕೆಲಸದ ಹುಡುಗರಿಗೆಂದು ತಮ್ಮ ಸ್ವಂತ ಪುಸ್ತಕಭಂಡಾರವನ್ನು ತೆರೆದಿಟ್ಟಿದ್ದರು. ಶಾಲೆಯು ಕೊಡದುದನ್ನು ಆ ಮನೆಯು ಕೊಟ್ಟಿತು. 1853ರಲ್ಲಿ ಪೆನ್ಸಿಲ್ವೇನಿಯ ರೈಲ್ವೆಯ ಅಧಿಕಾರಿ ಥಾಮಸ್ ಸ್ಕಾಟರು ತಿಂಗಳಿಗೆ 35 ಡಾಲರಿಗೆ ಅವರನ್ನು ಗುಮಾಸ್ತರನ್ನಾಗಿ ಇಟ್ಟುಕೊಂಡರು.

ಇದೇ ಕಾಲದ ಒಂದು ಸಂಗತಿಯನ್ನು ಕಾರ್ನೆಗಿಯವರು ತಮ್ಮ ಆತ್ಮಚರಿತ್ರೆಯಲ್ಲಿ ಬರೆದಿದ್ದಾರೆ. ಕೆಲಸದ ಮೇಲೆ ಹೋಗಿದ್ದ ಮಗನು ಒಂದು ಸಂಜೆ ಒಹಾಯೊ ನದಿಯ ದಂಡೆಯಲ್ಲಿ ಉಗಿಹಡಗಿನ ಹಾದಿ ಕಾಯುತ್ತಿದ್ದನು. ನೆಯ್ದ ಬಟ್ಟೆಗಳನ್ನು ಮಾರುವುದಕ್ಕಾಗಿ ಸಿನ್ಸಿನಾಟಿಯ ಕಡೆಗೆ ಹೊರಟಿದ್ದ ತಂದೆಯು ಆ ಹಡಗಿನಲ್ಲಿದ್ದರು. ಕೋಣೆಯ ಬಾಡಿಗೆಯನ್ನು ಉಳಿಸುವುದಕ್ಕಾಗಿ ಅವರು ರಾತ್ರಿಯನ್ನು ಮೇಲಟ್ಟದ ಚಳಿಯಲ್ಲಿ ಕಳೆಯುವವರಿದ್ದರು. ಮಗನಿಗೆ ಕಣ್ಣೀರು ತಡೆಯಲಿಲ್ಲ. ತಾಯಿತಂದೆಗಳು ಸಾರೋಟಿನಲ್ಲಿ ಕುಳಿತುಕೊಳ್ಳುವ ಕಾಲ ದೂರವಿಲ್ಲವೆಂದು ಸಮಾಧಾನವನ್ನು ಹೇಳಿದನು. ತಂದೆಗೆ ಆ ಕಾಲ ಬರಲಿಲ್ಲ. 1855ರಲ್ಲಿ, ಅಮೇರಿಕೆಗೆ ಕಾಲಿಟ್ಟು ಏಳೇ ವರ್ಷಗಳಲ್ಲಿ, ವಿಲಿಯಂ ತೀರಿಕೊಂಡರು. ವಯಸ್ಸು ಇನ್ನೂ ಐವತ್ತೊಂದರ ಸುತ್ತ. ದೇಶಾಂತರ ಹೋದ ಪ್ರತಿಯೊಂದು ಕುಟುಂಬದಲ್ಲಿಯೂ ಹೀಗೆ ಒಬ್ಬರು ಇರುತ್ತಾರೆಂದು ನಮಗೆ ತೋರುತ್ತದೆ. ಮಕ್ಕಳನ್ನು ದಡ ಮುಟ್ಟಿಸಿ, ತಾವು ಮಾತ್ರ ಎರಡು ದಡಗಳ ನಡುವೆ ಉಳಿದುಬಿಡುವವರು.

ಕಾರ್ನೆಗಿಯವರ ಏಳ್ಗೆಯ ವಿವರವು ಪುಸ್ತಕಗಳಲ್ಲಿ ಬೇಕಾದಷ್ಟಿದೆ. ಹೇಳತಕ್ಕದ್ದಿಷ್ಟೇ: 1859ರಲ್ಲಿ ಅವರು ರೈಲ್ವೆಯ ಪಿಟ್ಸ್‌ಬರ್ಗ್ ವಿಭಾಗಕ್ಕೆ ಮೇಲಧಿಕಾರಿಯಾದರು, ಷೇರುಗಳಲ್ಲಿ, ಎಣ್ಣೆಯಲ್ಲಿ, ಕಬ್ಬಿಣದ ಸೇತುವೆಗಳಲ್ಲಿ ಹಣವನ್ನು ತೊಡಗಿಸಿದರು, 1875ರಲ್ಲಿ ಬ್ರ್ಯಾಡಕ್ ಎಂಬಲ್ಲಿ ರೈಲುಹಳಿಗಳ ದೊಡ್ಡ ಉಕ್ಕಿನ ಕಾರ್ಖಾನೆಯನ್ನು ತೆರೆದು ಅದಕ್ಕೆ ತಮ್ಮ ಮುಖ್ಯ ಗಿರಾಕಿಯಾಗಬೇಕಾದ ರೈಲ್ವೆಯ ಅಧ್ಯಕ್ಷರ ಹೆಸರನ್ನೇ ಇಟ್ಟರು. ವ್ಯಾಪಾರದ ಜಾಣ್ಮೆಗೆ ಬೇರೆ ಸಾಕ್ಷಿ ಬೇಡ. 1883ರಲ್ಲಿ ಹೋಮ್‌ಸ್ಟೆಡ್ ಕಾರ್ಖಾನೆಯೂ ಅವರ ಕೈಸೇರಿತು.

1878ರ ಕೊನೆಯಲ್ಲಿ ಹೊರಟ ಭೂಪ್ರದಕ್ಷಿಣೆಯಲ್ಲಿ ಅವರು ಭಾರತಕ್ಕೂ ಬಂದಿದ್ದರು. ಅವರು ಬಂದಾಗ ನಮ್ಮ ಕರ್ನಾಟಕವನ್ನೂ ಮದ್ರಾಸು ಪ್ರಾಂತವನ್ನೂ ಬಯಲು ಮಾಡಿದ 1876ರಿಂದ 1878ರ ಭೀಕರ ಕ್ಷಾಮವು ಆಗತಾನೇ ಇಳಿದಿತ್ತು. ನೂಲು ಕೊಳ್ಳಲಾರದ ನೇಕಾರನು ಗಂಜಿಕೇಂದ್ರದ ಮುಂದೆ ಸಾಲುಗಟ್ಟಿ ನಿಂತ ವರ್ಷಗಳವು. ನೇಕಾರನ ಮಗನು ಬಂದು ಹೋದುದು ಅವನಿಗೆ ತಿಳಿಯದು.

ಈಗ ನಮ್ಮ ಮುಖ್ಯ ವಿಷಯಕ್ಕೆ ಬರೋಣ. ಬ್ರ್ಯಾಡಕ್ಕಿನಂಥ ಕಾರ್ಖಾನೆಗಳಲ್ಲಿ ಸಿದ್ಧವಾದ ಹಳಿಗಳು ಅಮೇರಿಕೆಯ ಪಶ್ಚಿಮದ ಹುಲ್ಲುಗಾವಲುಗಳವರೆಗೆ ಹಬ್ಬಿದವು. ಆ ಹಳಿಗಳ ಮೇಲೆ ಗೋದಿಯು ಬಂದರಿಗೆ ಬಂದು, ಉಗಿಹಡಗನ್ನೇರಿ ಯುರೋಪಿಗೆ ಹೋಗಿ, ಅಲ್ಲಿಯ ಧಾನ್ಯದ ಬೆಲೆಯನ್ನು ಕೆಡವಿತು. ಆಸ್ಟ್ರಿಯಾ-ಹಂಗೆರಿಯ ಸ್ಲೋವಾಕ್ ಗುಡ್ಡಗಳಲ್ಲಿ, ಗಲೀಷಿಯಾದ ಪೋಲಿಷ್ ಮತ್ತು ರುಥೇನಿಯನ್ ಹಳ್ಳಿಗಳಲ್ಲಿ ರೈತನ ಹೊಲವು ಮಕ್ಕಳಲ್ಲಿ ಹಂಚಿ ಹಂಚಿ ಮೊದಲೇ ಅಂಗೈಯಗಲವಾಗಿತ್ತು. ಮನೆಗೆಲಸದ ಕುಶಲತೆಯನ್ನು ಕಾರ್ಖಾನೆಯ ಸರಕು ಕೊಂದಿತ್ತು. ಮೇಲೆ ಈ ಬೆಲೆಯಿಳಿತವೂ ಬಂದಿತು. ಹೊಲವನ್ನು ಉಳಿಸಿಕೊಳ್ಳಲು ಮಗನನ್ನು ಮೂರು ವರ್ಷಕ್ಕೆಂದು ಸಮುದ್ರದಾಚೆಗೆ ಕಳುಹಿಸಿದರು. ಮಗ ಎಲ್ಲಿಗೆ ಹೋದ? ಅಣ್ಣನ ಪತ್ರ ಬಂದ ಊರಿಗೆ ಹೋದ. ಆ ಪತ್ರಗಳ ಮೇಲೆ ಬ್ರ್ಯಾಡಕ್, ಹೋಮ್‌ಸ್ಟೆಡ್ ಎಂಬ ಮುದ್ರೆಗಳಿದ್ದವು. ಡನ್‌ಫರ್ಮ್‌ಲಿನ್ನಿನ ನೇಕಾರನನ್ನು ಹೊರಡಿಸಿದ ಕಾರಣಗಳೇ ಅವನನ್ನೂ ಹೊರಡಿಸಿದವು, ಮತ್ತು ಆ ಕಾರಣಗಳ ಒಂದು ಕೊನೆಯು ನೇಕಾರನ ಮಗನ ಕುಲುಮೆಯಲ್ಲಿತ್ತು. ಕಾರ್ನೆಗಿಯವರು ಇದನ್ನು ಕುಹಕದಿಂದ ಮಾಡಿದರೆಂದು ನಾವು ಹೇಳುವುದಿಲ್ಲ. ಅವರು ಹಳಿಯನ್ನು ಅಗ್ಗವಾಗಿ ಮಾಡುತ್ತಿದ್ದರು, ಅಷ್ಟೇ. ಡನ್‌ಫರ್ಮ್‌ಲಿನ್ನಿನ ಗಿರಣಿಯ ಒಡೆಯನೂ ಬಟ್ಟೆಯನ್ನು ಅಗ್ಗವಾಗಿ ಮಾಡುತ್ತಿದ್ದನು, ಅಷ್ಟೇ.

1892ನೆಯ ಜನವರಿ 1ರಂದು ನ್ಯೂಯಾರ್ಕಿನ ಬಂದರಿನಲ್ಲಿ ಎಲಿಸ್ ದ್ವೀಪದ ವಲಸೆ ಠಾಣೆಯು ತೆರೆಯಿತು. 1954ರಲ್ಲಿ ಮುಚ್ಚುವವರೆಗೆ ಒಂದು ಕೋಟಿ ಇಪ್ಪತ್ತು ಲಕ್ಷ ಜನ ಅದರ ಮೂಲಕ ಒಳಗೆ ಬಂದರು. ಅದೇ 1892ರ ಬೇಸಗೆಯಲ್ಲಿ ಹೋಮ್‌ಸ್ಟೆಡ್ಡಿನ ದುರಂತ ನಡೆಯಿತು. ಕಾರ್ಮಿಕರಿಗೆ ಸಂಘವನ್ನು ಕಟ್ಟುವ ಹಕ್ಕಿದೆಯೆಂದೂ ಒಬ್ಬನ ಕೆಲಸವನ್ನು ಇನ್ನೊಬ್ಬನು ಕಸಿಯಬಾರದೆಂಬ ಭಾವನೆಯು ಅವರಲ್ಲಿ ಸಹಜವೆಂದೂ 1886ರಲ್ಲಿ ಬರೆದವರು ಇದೇ ಕಾರ್ನೆಗಿಯವರು. ಆರು ವರ್ಷಗಳ ತರುವಾಯ ಕುಶಲ ಕೆಲಸಗಾರರ ಸಂಘದೊಡನೆ ಕೂಲಿಯ ಕರಾರು ಮುಗಿಯಲು ಬಂದಾಗ ಅವರು ಸ್ಕಾಟ್ಲಂಡಿಗೆ ಹೋದರು. ಸಂಘವನ್ನು ಮುರಿಯುವ ಅಧಿಕಾರವನ್ನು ವ್ಯವಸ್ಥಾಪಕ ಹೆನ್ರಿ ಫ್ರಿಕ್ಕರ ಕೈಗೆ ಕೊಟ್ಟು ಹೋದರು. ಫ್ರಿಕ್ಕರು ಕಾರ್ಖಾನೆಯ ಸುತ್ತ ಬೇಲಿಯನ್ನು ಕಟ್ಟಿ ಬಾಗಿಲನ್ನು ಮುಚ್ಚಿದರು. ಜುಲೈ 6ರ ನಸುಕಿನಲ್ಲಿ ಪಿಂಕರ್ಟನ್ ಸಂಸ್ಥೆಯ 300 ಮಂದಿ ಶಸ್ತ್ರಧಾರಿಗಳು ಎರಡು ದೋಣಿಗಳಲ್ಲಿ ಮನಾಂಗಹೇಲಾ ನದಿಯ ಮೇಲೆ ಬಂದರು. ದಂಡೆಯಲ್ಲಿ ಕಾರ್ಮಿಕರೂ ಅವರ ಹೆಂಡಿರು ಮಕ್ಕಳೂ ನಿಂತಿದ್ದರು. ಹಗಲೆಲ್ಲ ಗುಂಡು ಹಾರಿತು. ಏಳು ಕಾರ್ಮಿಕರೂ ಮೂವರು ಕಾವಲಿನವರೂ ಸತ್ತರೆಂದು ಸಾಮಾನ್ಯವಾಗಿ ಲೆಕ್ಕ ಹೇಳುತ್ತಾರೆ. ಬಳಿಕ ಪ್ರಾಂತದ ಸೈನ್ಯವು ಎಂಟು ಸಾವಿರದಷ್ಟು ಬಂದು ಊರನ್ನು ಹಿಡಿಯಿತು, ಹೊಸ ಆಳುಗಳು ಒಳಗೆ ಹೋದರು, ನವೆಂಬರಿನಲ್ಲಿ ಸಂಘವು ಸೋಲನ್ನು ಒಪ್ಪಿತು.

ಆ ಸಂಘದ ಕುಶಲ ಕೆಲಸಗಾರರಲ್ಲಿ ಬಹಳ ಮಂದಿ ಇಂಗ್ಲಿಷರು, ವೆಲ್ಷರು, ಐರಿಷರು, ಸ್ಕಾಟರು. ಅಂದರೆ ಕಾರ್ನೆಗಿಯವರಂತೆಯೇ ಒಂದು ತಲೆಮಾರಿನ ಹಿಂದೆ ಬಂದವರು. ಪೂರ್ವ ಯುರೋಪಿನವರು ಮೊದಲೇ ಕೆಳಗಿನ ಕೂಲಿಯಲ್ಲಿದ್ದರು. ಅವರೂ ಮುಷ್ಕರದಲ್ಲಿ ಜೊತೆಗೆ ನಿಂತಿದ್ದರೆಂಬುದನ್ನು ಮರೆಯಬಾರದು. ಸಂಘವು ಮುರಿದ ಮೇಲೆ ಅವರ ಸಂಖ್ಯೆ ಬೆಳೆಯುತ್ತ ಹೋಯಿತು. ದಿನಕ್ಕೆ 12 ಗಂಟೆ ಕೆಲಸ. ಹಗಲು ಪಾಳಿ ರಾತ್ರಿ ಪಾಳಿಗಳು ಅದಲುಬದಲಾಗುವ ವಾರ ಒಂದೇ ಸಮನೆ 24 ಗಂಟೆ. ಅಮೇರಿಕೆಯ ಉಕ್ಕಿನ ಉದ್ಯಮವು ಈ 12 ಗಂಟೆಯ ಪದ್ಧತಿಯನ್ನು ಬಿಟ್ಟುದು 1923ರಲ್ಲಿ. ಮೂರು ವರ್ಷಕ್ಕೆಂದು ಬಂದವರಲ್ಲಿ ಬಹಳ ಮಂದಿ ಹಿಂದಿರುಗಿದರು, ಬಹಳ ಮಂದಿ ಉಳಿದರು, ಕೆಲವರು ಕುಲುಮೆಯ ಬಾಯಿಗೆ ಆಹುತಿಯಾದರು. 1904ರ ಜನವರಿಯಲ್ಲಿ ಪಿಟ್ಸ್‌ಬರ್ಗಿನ ಬಳಿಯ ಹಾರ್ವಿಕ್ ಕಲ್ಲಿದ್ದಲ ಗಣಿಯು ಸಿಡಿದು 179 ಜನ ಸತ್ತರು, ಅವರನ್ನು ಉಳಿಸಲು ಇಳಿದ ಇಬ್ಬರೂ ಸತ್ತರು. ಗಣಿಯಲ್ಲಿ ಸತ್ತವರಲ್ಲಿ ಪರದೇಶದಿಂದ ಬಂದವರೇ ಬಹಳ. ಇದರಿಂದ ಮನಕರಗಿ ಕಾರ್ನೆಗಿಯವರು ಪರರ ಪ್ರಾಣಕ್ಕಾಗಿ ತಮ್ಮ ಪ್ರಾಣವನ್ನು ಪಣವಿಟ್ಟವರಿಗಾಗಿ 50 ಲಕ್ಷ ಡಾಲರಿನ ಒಂದು ನಿಧಿಯನ್ನು ಸ್ಥಾಪಿಸಿದರು. ಆ ಕರುಣೆ ಸುಳ್ಳಲ್ಲ. ಮನುಷ್ಯನ ಎದೆಯಲ್ಲಿ ಹಲವು ಕೋಣೆಗಳಿವೆ, ಒಂದರ ಬಾಗಿಲು ಇನ್ನೊಂದಕ್ಕೆ ತೆರೆಯದಿರುವುದೂ ಉಂಟು.

ಪರದೇಶದಿಂದ ಬರುವವರ ವಿಷಯದಲ್ಲಿ ಅವರ ಅಭಿಪ್ರಾಯವು ಉದಾರವಾಗಿತ್ತು. ಅಮೇರಿಕೆಯ ಪ್ರಜಾಪ್ರಭುತ್ವವನ್ನು ಕೊಂಡಾಡಿ 1886ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಬಂದಿಳಿಯುವ ಪ್ರತಿಯೊಬ್ಬ ದುಡಿಯುವವನಿಗೂ ಇಂತಿಷ್ಟು ಡಾಲರು ಬೆಲೆಯೆಂದು ಲೆಕ್ಕ ಹಾಕಿ ಅದೆಲ್ಲ ದೇಶಕ್ಕೆ ಬಂದ ಲಾಭವೆಂದು ತೋರಿಸಿದರು. ಬಾಗಿಲು ಮುಚ್ಚಬೇಕೆಂದು ಕೂಗುವವರಿಗೆ ಇದು ತಕ್ಕ ಉತ್ತರವೇ ಸರಿ. ಆದರೂ ಈ ಲೆಕ್ಕವು ನಮಗೆ ಹಿಡಿಸುವುದಿಲ್ಲ. ಒಬ್ಬನನ್ನು ಬೆಳೆಸಿದ ಹಳ್ಳಿಯ ಪಾಲಿಗೆ ಅದು ಲಾಭವೋ ನಷ್ಟವೋ, ಒಹಾಯೊ ನದಿಯ ಹಡಗಿನಲ್ಲಿ ಚಳಿಗೆ ನಡುಗಿದ ಮುದಿ ನೇಕಾರನಿಗೆ ಅದರಲ್ಲಿ ಎಷ್ಟು ಡಾಲರು ಬೆಲೆ, ಎಂಬುದು ಅಲ್ಲಿಲ್ಲ. ಮತ್ತು ಆ ಉದಾರವಾದ ಬಾಗಿಲೂ ಎಲ್ಲರಿಗೂ ತೆರೆದಿರಲಿಲ್ಲ. ಚೀನದ ಕೂಲಿಕಾರರಿಗೆ ಅದು 1882ರಲ್ಲಿಯೇ ಮುಚ್ಚಿತು. 1907ರಲ್ಲಿ ಒಂದೇ ವರ್ಷಕ್ಕೆ ಹನ್ನೆರಡು ಲಕ್ಷ ಎಂಬತ್ತೈದು ಸಾವಿರ ಜನರು ಬಂದ ದೇಶ, 1917ರ ಶಾಸನದಿಂದ ಭಾರತೀಯರನ್ನೂ ಏಷ್ಯದ ಬಹುಭಾಗದವರನ್ನೂ ಹೊರಗಿಟ್ಟಿತು. ಕಾರ್ನೆಗಿಯವರು ಆಗ ಬದುಕಿದ್ದರು, ಆದರೆ ಜರ್ಝರಿತರಾಗಿದ್ದರು. 1924ರಲ್ಲಿ ಪೂರ್ವ ಮತ್ತು ದಕ್ಷಿಣ ಯುರೋಪಿನವರಿಗೂ ಬಿಗಿಯಾದ ಮಿತಿಯು ಬಂದಿತು. ನಮ್ಮವರಿಗೆ 1946ರಲ್ಲಿ ವರ್ಷಕ್ಕೆ ನೂರು ಜನರ ಪ್ರವೇಶ ದೊರೆಯಿತು; ಬಾಗಿಲು ನಿಜವಾಗಿ ತೆರೆದುದು 1965ರ ಶಾಸನದಿಂದ. ಇಂದು ಅಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಹೆಚ್ಚಿನವರ ಕಥೆಯು ಅಲ್ಲಿಂದ ಈಚೆಗೆ ಆರಂಭವಾಗುತ್ತದೆ.

1901ರಲ್ಲಿ ಕಾರ್ನೆಗಿಯವರು ತಮ್ಮ ಉದ್ಯಮವನ್ನು ಮಾರ್ಗನ್ನರಿಗೆ 48 ಕೋಟಿ ಡಾಲರಿಗೆ ಮಾರಿ ನಿವೃತ್ತರಾದರು; ಜೀವಮಾನದಲ್ಲಿ ಸುಮಾರು 35 ಕೋಟಿ ಡಾಲರನ್ನು ದಾನ ಮಾಡಿದರು. ಜಗತ್ತಿನಲ್ಲಿ 2,509 ಪುಸ್ತಕಾಲಯಗಳು ಅವರ ಹಣದಿಂದ ಎದ್ದವು. ಕಟ್ಟಡ ಅವರದು, ಸ್ಥಳವೂ ವಾರ್ಷಿಕ ವೆಚ್ಚವೂ ಊರಿನವರದು. ಮೊದಲನೆಯದು ಡನ್‌ಫರ್ಮ್‌ಲಿನ್ನಿನಲ್ಲಿ, 1881ರಲ್ಲಿ ಅದರ ಅಡಿಗಲ್ಲನ್ನಿಟ್ಟವರು ಬೂಟು ಹೊಲಿದು ಮಕ್ಕಳನ್ನು ಸಾಕಿದ ಅವರ ತಾಯಿ. ಹೋಮ್‌ಸ್ಟೆಡ್ಡಿಗೂ 1898ರಲ್ಲಿ ಒಂದು ಬಂದಿತು. 12 ಗಂಟೆ ಕುಲುಮೆಯ ಮುಂದೆ ಬೆಂದವನು ಓದುವುದು ಯಾವಾಗ ಎಂದು ಅಲ್ಲಿಯ ಕಾರ್ಮಿಕರು ಕೇಳಿದುದುಂಟು. ಫಿಲಿಪ್ಪೀನ್ಸನ್ನು ಅಮೇರಿಕೆಯು ನುಂಗಿದಾಗ ಅದನ್ನು ಕಾರ್ನೆಗಿಯವರು ಬಹಿರಂಗವಾಗಿ ವಿರೋಧಿಸಿ ಸಾಮ್ರಾಜ್ಯವಿರೋಧಿ ಸಂಘದ ಉಪಾಧ್ಯಕ್ಷರಲ್ಲೊಬ್ಬರಾಗಿ ನಿಂತುದನ್ನು, ಪರಾಧೀನತೆಯ ರುಚಿಯನ್ನುಂಡ ನಾವು ಸ್ಮರಿಸದೆ ಇರಲಾರೆವು.

ಸ್ಕಾಟ್ಲಂಡು ಅವರನ್ನು ಮರಳಿ ಮರಳಿ ಕರೆಯಿತು. 1898ರಲ್ಲಿ ಉತ್ತರದ ಸದರ್ಲಂಡ್ ಪ್ರಾಂತದಲ್ಲಿ ಸ್ಕಿಬೊ ಎಂಬ ಕೋಟೆಯನ್ನೂ ಎಸ್ಟೇಟನ್ನೂ ಕೊಂಡರು. ಅದೇ ಪ್ರಾಂತದಲ್ಲಿ ಆ ಶತಮಾನದ ಆರಂಭದಲ್ಲಿ ಕುರಿಗಳ ಮೇವಿಗಾಗಿ ಜಮೀನುದಾರರು ಸಾವಿರಾರು ಒಕ್ಕಲುಗಳನ್ನು ಒಕ್ಕಲೆಬ್ಬಿಸಿದ್ದರು. ಕೆನಡಾದ ಕಾಡುಗಳಲ್ಲಿ ಅವರ ಸಂತತಿಯಿದೆ. ಇನ್ನು ಆ ಬೇಲಿಯ ಕಥೆ: 1902ರಲ್ಲಿ ಅವರು ಪಿಟೆನ್‌ಕ್ರೀಫ್ ಉಪವನವನ್ನೇ ಕೊಂಡುಕೊಂಡರು, ಮರುವರ್ಷ ಅದನ್ನು ಊರಿನ ಜನರಿಗೆ ಬಿಟ್ಟುಕೊಟ್ಟರು. ತಮಗೆ ಸಂದ ಬಿರುದುಗಳಿಗಿಂತಲೂ ಇದರಿಂದ ಅವರಿಗೆ ಹೆಚ್ಚು ಸಂತೋಷವಾಯಿತು.

1914ರಲ್ಲಿ ಯುರೋಪಿನ ಮಹಾಯುದ್ಧವು ಆರಂಭವಾದಾಗ ಅವರು ಸ್ಕಿಬೊವನ್ನು ಬಿಟ್ಟು ಅಮೇರಿಕೆಗೆ ಮರಳಿದರು. ಮತ್ತೆ ಅದನ್ನು ನೋಡಲಾಗಲಿಲ್ಲ. 1919ನೆಯ ಆಗಸ್ಟ್ 11ರಂದು ಮ್ಯಾಸಚೂಸೆಟ್ಸಿನ ಲೆನಾಕ್ಸಿನಲ್ಲಿ ಪ್ರಾಣವನ್ನು ಬಿಟ್ಟರು. ನ್ಯೂಯಾರ್ಕ್ ಪ್ರಾಂತದ ಸ್ಲೀಪಿ ಹಾಲೊ ಎಂಬಲ್ಲಿ ಅವರ ಸಮಾಧಿಯಿದೆ. ಅವರು ಹುಟ್ಟಿದ ಡನ್‌ಫರ್ಮ್‌ಲಿನ್ನಿನ ಕಲ್ಲುಮನೆಯು ಈಗ ವಸ್ತುಸಂಗ್ರಹಾಲಯವಾಗಿದೆ. ನೋಡಲು ಬರುವವರಿಗೆ ತೋರಿಸುವುದಕ್ಕಾಗಿ ಅಲ್ಲಿ ಒಂದು ಕೈಮಗ್ಗವನ್ನು ಇರಿಸಿದ್ದಾರೆ.